ಮಂಗಳಯಾನದ ರಾಕೆಟ್, ನಮ್ಮ ಮನೆ ಅಳತೆಯಲ್ಲಿ

ಇವತ್ತು ರಾಕೆಟ್ ಬಗ್ಗೆ ಮಾತಾಡೋಣ. ನಾನು ಓದಿದ್ದು ಬಿ.ಕಾಂ., ವಿಜ್ಞಾನಿ ಅಲ್ಲ. ಆದರೂ ಎರಡು ತಿಂಗಳಿಂದ ನನ್ನ ಕೋಣೆ ತುಂಬ ಚಾರ್ಟ್ ಪೇಪರ್, ಫೆವಿಕಾಲ್, ಎಮರಿ ಪೇಪರ್.

ಕಾರಣ ಅಕ್ಕನ ಮಗಳು. ಚಿಂಚೋಳಿಯಲ್ಲಿ ಎಂಟನೇ ಕ್ಲಾಸ್. "ಮಾಮಾ, ಮಂಗಳಯಾನ ಹೊತ್ಕೊಂಡು ಹೋದ ರಾಕೆಟ್ ಮಾಡಿಕೊಡು, ಸಾಲಿ ಪ್ರದರ್ಶನಕ್ಕ ಬೇಕು" ಅಂದಳು. ನನ್ನ ಹತ್ತಿರ ಒಂದು ಮಾಡೆಲ್ ರಾಕೆಟ್ ಕಿಟ್ ಇತ್ತು. ರಟ್ಟಿನ ಕೊಳವೆ, ಪ್ಲಾಸ್ಟಿಕ್ ಮೂತಿ, ಮೂರು ರೆಕ್ಕೆ, ಒಂದು ಪ್ಯಾರಾಚೂಟ್. ಮೋಟಾರ್ ಇರಲಿಲ್ಲ. ಅದನ್ನೇ ಪಿಎಸ್‌ಎಲ್‌ವಿ-ಎಕ್ಸ್‌ಎಲ್ ಮಾಡೋಣ ಅಂದುಕೊಂಡೆ. 2013ರ ನವೆಂಬರ್ 5ರಂದು ಶ್ರೀಹರಿಕೋಟಾದಿಂದ ಮಂಗಳಯಾನವನ್ನು ಹೊತ್ತೊಯ್ದದ್ದು ಅದೇ.

ಮೊದಲು ಲೆಕ್ಕ. ಕಿಟ್‌ನ ಕೊಳವೆ 41 ಮಿ.ಮೀ. ದಪ್ಪ. ನಿಜವಾದ ರಾಕೆಟ್ 2.8 ಮೀಟರ್. ಭಾಗಿಸಿದರೆ 68.3. ಇನ್ನು ಎಲ್ಲ ಅಳತೆಯನ್ನೂ ಇದರಿಂದಲೇ ಭಾಗಿಸಬೇಕು. 44 ಮೀಟರ್ ಎತ್ತರ 64 ಸೆಂ.ಮೀ. ಆಯಿತು. ಪಕ್ಕದ ಆರು ಬೂಸ್ಟರ್‌ಗಳು ಒಂದೊಂದು ಮೀಟರ್ ದಪ್ಪ, ನಮಗೆ 14.6 ಮಿ.ಮೀ. ಮಾರ್ಕರ್ ಪೆನ್ನಿಗೆ ಚಾರ್ಟ್ ಪೇಪರ್ ಸುತ್ತಿ ಮಾಡಿದೆ. ಮೇಲಿನ ಮೂತಿ 3.2 ಮೀಟರ್, ಅಂದರೆ ಕೊಳವೆಗಿಂತ ಅಗಲ. ಕಿಟ್‌ನ ಮೂತಿ ಕೆಲಸಕ್ಕೆ ಬರಲಿಲ್ಲ. 47 ಮಿ.ಮೀ. ಹೊಸದು ಮಾಡಿ ಪುಟ್ಟಿ ಹಚ್ಚಿ ತಿಕ್ಕಿದೆ. ಕೊಳವೆ ನೆಟ್ಟಗೆ ಇದೆಯೋ ಇಲ್ಲವೋ ನೋಡಲು ಪಾಲಿಶ್ ಮಾಡಿದ ಶಹಾಬಾದ್ ಕಲ್ಲಿನ ಮೇಲೆ ಉರುಳಿಸಿದೆ. ನಮ್ಮೂರಾಗ ಅದಕ್ಕೇನು ಬರ ರೀ!

ತೂಕದ ಲೆಕ್ಕ ಬೇರೆ. ಉದ್ದ, ಅಗಲ, ದಪ್ಪ ಮೂರೂ ಕಡಿಮೆಯಾಗೋದರಿಂದ 68.3ನ್ನು ಮೂರು ಸಲ ಗುಣಿಸಿ ಭಾಗಿಸಬೇಕು. 320 ಟನ್ ರಾಕೆಟ್ ಸರಿಸುಮಾರು ಒಂದು ಕಿಲೋಗೆ ಇಳಿಯುತ್ತದೆ. ಒಂದು ಕಿಲೋ ತೊಗರಿಬೇಳೆಯಷ್ಟು.

ತಕರಾರು ಬಂದದ್ದು ರೆಕ್ಕೆಯಲ್ಲಿ. "ಫೋಟೋದಾಗ ರೆಕ್ಕಿ ಇಲ್ಲ, ಕಿತ್ತಿಬಿಡು ಮಾಮಾ" ಅಂದಳು. ಸರಿಯೇ. ಪಿಎಸ್‌ಎಲ್‌ವಿ ಮೊದಲ ಹಂತದಲ್ಲಿ ನಾಝಲ್ ಒಳಗೆ ದ್ರವ ಚಿಮ್ಮಿಸಿ ಜ್ವಾಲೆಯ ದಿಕ್ಕು ತಿರುಗಿಸುತ್ತದೆ. ನಮ್ಮ ರಟ್ಟಿನ ರಾಕೆಟ್‌ಗೆ ಆ ಬುದ್ಧಿ ಎಲ್ಲಿಂದ ಬರಬೇಕು? ಅದರ ತೂಕದ ಕೇಂದ್ರ ಗಾಳಿಯ ಒತ್ತಡದ ಕೇಂದ್ರಕ್ಕಿಂತ ಮುಂದೆ ಇರಬೇಕು, ಕನಿಷ್ಠ ಕೊಳವೆಯ ಒಂದು ದಪ್ಪದಷ್ಟು. ಇಲ್ಲದಿದ್ದರೆ ಗಾಳಿಯಲ್ಲೇ ಪಲ್ಟಿ. ಅಗಲ ಮೂತಿ ಈ ತೊಂದರೆಯನ್ನು ಹೆಚ್ಚಿಸುತ್ತದೆ.

ಪರೀಕ್ಷೆ ಸುಲಭ. ಮೋಟಾರ್ ಜಾಗದಲ್ಲಿ ಅಷ್ಟೇ ತೂಕದ ಮರದ ತುಂಡು ಇಟ್ಟು, ರಾಕೆಟ್ ಸಮತೂಕವಾಗಿ ನಿಲ್ಲುವ ಕಡೆ ದಾರ ಕಟ್ಟಿ ಸುತ್ತಲೂ ಬೀಸಬೇಕು. ಮೂತಿ ಮುಂದಾಗಿ ಹೋದರೆ ಪಾಸ್. ರೆಕ್ಕೆ ತೆಗೆದು ಮಾಳಿಗೆ ಮೇಲೆ ಬೀಸಿದೆ. ಬಾಲ ಮುಂದಾಯಿತು! ಆಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯಿಂದ ರೆಕ್ಕೆ ಕತ್ತರಿಸಿ ಅಂಟಿಸಿ, ಮೂತಿಯೊಳಗೆ ಜೇಡಿಮಣ್ಣು ತುಂಬಿದೆ. ಮೂರನೇ ಸಲಕ್ಕೆ ನೆಟ್ಟಗೆ ಹೋಯಿತು. ಆಕೆ ಕುಣಿದಾಡಿದಳು.

"ಈಗ ಹಾರಸೋಣ" ಅಂದಳು. ಗೆಳೆಯನೊಬ್ಬ ದೀಪಾವಳಿ ಮದ್ದು ತುಂಬಿಕೊಡ್ತೀನಿ ಅಂದ. ಒಂದು ಕ್ಷಣ ನನಗೂ ಆಸೆಯಾಯಿತು, ಸುಳ್ಳು ಹೇಳಲ್ಲ. ಆದರೆ ಮದ್ದು ಒತ್ತೊತ್ತಿ ತುಂಬಿದ ಕೊಳವೆ ರಾಕೆಟ್ ಆಗೋದಿಲ್ಲ, ಬಾಂಬ್ ಆಗ್ತದ. ಕೈ ಹೋಗ್ತದ, ಕಣ್ಣು ಹೋಗ್ತದ, ಪಕ್ಕದ ಒಣಗಿದ ತೊಗರಿ ಹೊಲಕ್ಕೆ ಬೆಂಕಿ ಬೀಳ್ತದ. ಬೇಡ ಅಂದೆ. ಆಕೆ ಎರಡು ದಿನ ಮಾತು ಬಿಟ್ಟಳು.

ಮೂರನೇ ದಿನ ತಾನೇ ಒಂದು ಚೀಟಿ ಬರೆದು ತಂದಳು: "ರೆಕ್ಕೆ, ಮಣ್ಣು ನಾವು ಸೇರಿಸಿದ್ದು, ಮೂಲದಲ್ಲಿ ಇಲ್ಲ. ಇದು ಇನ್ನೂ ಹಾರಿಲ್ಲ." ಮಾರ್ಕ್ಸ್ ಕಡಿಮೆ ಆದರೆ ಅಂತ ಕೇಳಿದೆ. "ಆಗಲಿ ಬಿಡು" ಅಂದಳು. ಲೆಕ್ಕಪತ್ರ ಓದಿದವನು ನಾನು. ಹೊಂದಾಣಿಕೆ ಮಾಡಿದ್ದನ್ನು ಬೇರೆ ಸಾಲಿನಲ್ಲಿ ತೋರಿಸಬೇಕು ಅಂತ ಕಾಲೇಜಿನಲ್ಲಿ ಮೂರು ವರ್ಷ ಕೇಳಿದ್ದೆ. ಆಕೆಗೆ ಅದು ಯಾರೂ ಹೇಳಿಕೊಡದೆ ತಿಳಿದಿತ್ತು.

ಪ್ರದರ್ಶನ ಮುಂದಿನ ಶನಿವಾರ. ಮೈದಾನದಲ್ಲಿ ದಾರ ಕಟ್ಟಿ ಬೀಸಿ ತೋರಿಸ್ತಾಳಂತೆ. ಏನಾಯಿತು ಅಂತ ಮುಂದಿನ ಸಂಚಿಕೆಯಲ್ಲಿ ಹೇಳ್ತೀನಿ.