ಹಲಗೆಯೊಳಗಿನ ನೀರು

ಸೊರಬ ಮರಗೆಲಸಕ್ಕೆ ಹೆಸರಾದ ಸೀಮೆ. ಶ್ರೀಗಂಧದಲ್ಲಿ ಚಿತ್ತಾರ ಕೊರೆಯುವ ಗುಡಿಗಾರರು ಅಲ್ಲಿಯೂ ಸಾಗರದಲ್ಲಿಯೂ ತಲೆಮಾರುಗಳಿಂದ ನೆಲೆಸಿದ್ದಾರೆ. ಅಂಥ ಊರಿನ ಬಡಗಿಯೊಬ್ಬರ ಮಾತನ್ನು ಕೇಳದೆ ನಾನು ಕೆಟ್ಟ ಪ್ರಸಂಗವನ್ನು ಇಂದು ತಮ್ಮ ಮುಂದೆ ಹೇಳುತ್ತೇನೆ.

ಶಿಕಾರಿಪುರದಲ್ಲಿ ಮನೆ ಕಟ್ಟಿಸುತ್ತಿದ್ದೆ. ಸೊರಬದ ಕಡೆಯ ಮಾವನವರ ಹಿತ್ತಲಿನ ಹಲಸಿನ ಮರವನ್ನು ಆಷಾಢದ ಮಳೆಯಲ್ಲೇ ಕಡಿಸಿ ಹಲಗೆ ಕೊಯ್ಯಿಸಿದೆ. ಆಚಾರಿಯವರು ಹಲಗೆಯನ್ನು ತಟ್ಟಿ ನೋಡಿ, "ಇದಿನ್ನೂ ಹಸಿ, ರಾಯರೇ. ಶಿವರಾತ್ರಿಯ ತನಕ ನೆರಳಲ್ಲಿ ಒಣಗಲಿ" ಎಂದರು. ಕಾರ್ತಿಕದಲ್ಲಿ ಗೃಹಪ್ರವೇಶಕ್ಕೆ ಮುಹೂರ್ತ ನಿಶ್ಚಯವಾಗಿತ್ತು, ನಾನು ಒಪ್ಪಲಿಲ್ಲ. ಅವರು ಮರುಮಾತಿಲ್ಲದೆ ಕದಗಳನ್ನು ಮಾಡಿಕೊಟ್ಟರು. ಉಳಿದ ಒಂದು ಹಲಗೆಯನ್ನು ಮಾತ್ರ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿ, ಸೀಮೆಸುಣ್ಣದಿಂದ '14 ಕಿಲೋ' ಎಂದು ಅದರ ಮೇಲೆ ಬರೆದಿಟ್ಟು ಹೋದರು.

ಪಶ್ಚಿಮದಿಂದ ಪೂರ್ವಕ್ಕೆ ಬಂದಂತೆ ನಮ್ಮಲ್ಲಿ ಮಳೆ ಇಳಿಯುತ್ತದೆ. ಶಿಕಾರಿಪುರದ ಬೇಸಿಗೆಯ ಗಾಳಿ ಒಣಗಾಳಿ. ಫಾಲ್ಗುಣದ ಹೊತ್ತಿಗೆ ಕದದ ಹಲಗೆಗಳ ನಡುವೆ ಬೆರಳು ತೂರುವಷ್ಟು ಸಂದು ಬಿದ್ದಿತು. ಕೆಲಸ ಕೆಟ್ಟಿತೆಂದು ನಾನು ಅವರ ಕೂಲಿಯಲ್ಲಿ ಇನ್ನೂರು ರೂಪಾಯಿ ಹಿಡಿದೆ.

ಚೈತ್ರದಲ್ಲಿ ಆ ಉಳಿದ ಹಲಗೆ ಕಣ್ಣಿಗೆ ಬಿತ್ತು. ತೂಗಿಸಿದೆ: 11 ಕಿಲೋ 200 ಗ್ರಾಂ. ಪರಿಚಯದ ಅಧ್ಯಾಪಕರೊಬ್ಬರು ಅದರ ನಡುವಿನಿಂದ ಸಣ್ಣ ತುಂಡೊಂದನ್ನು ತೆಗೆದರು; ಹಲಗೆಯ ತುದಿ ಬೇಗ ಒಣಗುವುದರಿಂದ ಅಲ್ಲಿಯ ತುಂಡು ಸುಳ್ಳು ಹೇಳುತ್ತದಂತೆ. 28 ಗ್ರಾಂ ಇದ್ದ ಆ ತುಂಡನ್ನು ಸುಮಾರು 103 ಡಿಗ್ರಿ ಶಾಖದಲ್ಲಿ, ತೂಕ ಇನ್ನು ಇಳಿಯದೆಂಬ ತನಕ ಒಣಗಿಸಿದರು. ಉಳಿದದ್ದು 25 ಗ್ರಾಂ. ಹೋದ ನೀರನ್ನು ಒಣಮರದ ತೂಕದಿಂದ ಭಾಗಿಸಬೇಕು, ಹಸಿಮರದ ತೂಕದಿಂದಲ್ಲ. ಹಾಗೆ ಲೆಕ್ಕವಿಟ್ಟರೆ ತೇವಾಂಶ ಶೇಕಡಾ 12. (ಈ ಲೆಕ್ಕದಲ್ಲಿ ಕೆಲವು ಹಸಿಮರಗಳ ತೇವ ನೂರನ್ನೂ ಮೀರುವುದುಂಟು!) ಅಂದರೆ ಇಡೀ ಹಲಗೆಯಲ್ಲಿ ಒಣಮರ 10 ಕಿಲೋ. ಆಚಾರಿಯವರು ತೂಗಿಸಿದ ದಿನ ಅದರೊಳಗೆ 4 ಕಿಲೋ ನೀರು, ಶೇಕಡಾ 40 ತೇವವಿತ್ತು.

ಸುಮಾರು ಶೇಕಡಾ 30ರವರೆಗೆ ಹೋಗುವುದು ಮರದ ಕೋಶಗಳ ಪೊಳ್ಳಿನಲ್ಲಿರುವ ನೀರು. ಅದು ಹೋದರೆ ತೂಕ ಇಳಿದೀತೇ ಹೊರತು ಅಳತೆ ಇಳಿಯದು. ಅನಂತರ ಕೋಶದ ಗೋಡೆಯೇ ಒಣಗತೊಡಗುತ್ತದೆ. ಮರ ಕುಗ್ಗುವುದು ಆಗಲೇ. ಅದೂ ಉದ್ದದಲ್ಲಿ ಅತ್ಯಲ್ಪ, ಅಗಲದಲ್ಲಿ ಹೆಚ್ಚು. ನಮ್ಮ ಮನೆಯಲ್ಲಿ ಆ ಕುಗ್ಗುವಿಕೆಯೆಲ್ಲ ಕದವಾದ ಮೇಲೆ ನಡೆಯಿತು.

ಈಗ ಎರಡು ಸೂಜಿಗಳ ವಿದ್ಯುತ್ ಮಾಪಕಗಳು ಬಂದಿವೆ. ಒದ್ದೆ ಮರದಲ್ಲಿ ವಿದ್ಯುತ್ತು ಸುಲಭವಾಗಿ ಹರಿಯುವುದೇ ಅವುಗಳ ಆಧಾರ. ಅನುಕೂಲವೇನೋ ಹೌದು, ಆದರೆ ಮರದ ಜಾತಿಗೆ ತಕ್ಕಂತೆ ಅಂಕಿಯನ್ನು ತಿದ್ದಿಕೊಳ್ಳಬೇಕು, ಮಳೆಯಲ್ಲಿ ನೆನೆದ ಮೇಲ್ಮೈಗೆ ಮೋಸಹೋಗಬಾರದು. ಉಪ್ಪೇರಿದ ಗೋಡೆಗೆ ಚುಚ್ಚಿದರಂತೂ ಇಲ್ಲದ ತೇವವನ್ನೂ ತೋರಿಸೀತು. ನನಗೆ ಇಂದಿಗೂ ತಕ್ಕಡಿಯ ಮೇಲೆಯೇ ನಂಬಿಕೆ.

ಹಿಡಿದಿಟ್ಟ ಹಣವನ್ನು ತೆಗೆದುಕೊಂಡು ಸೊರಬಕ್ಕೆ ಹೋದೆ. ಆಚಾರಿಯವರು ನೋಟುಗಳನ್ನು ಎಣಿಸದೆ ಜೇಬಿಗಿಟ್ಟು ಕೇಳಿದರು: "ಆ ಹಲಗೆ ಈಗ ಎಷ್ಟು ತೂಗುತ್ತದೆ?" ಹೇಳಿದೆ. "ಹಾಗಾದರೆ ತನ್ನಿ ರಾಯರೇ, ಈಗ ಅದರಲ್ಲಿ ಕೆಲಸ ಮಾಡಬಹುದು" ಎಂದರು.