ಗೇಟಿನ ಒಳಗಿನ ಕೆಲಸ

ಕೋರದ ಹಿರಿಯರೇ, ಉಪನ್ಯಾಸಕರೇ, ಡಿಪ್ಲೊಮಾ ಓದುತ್ತಿರುವ ಮಕ್ಕಳೇ, ಅವರು ಮಾಡಿದ ಮಾದರಿಗಳನ್ನು ನೋಡಲು ಹೊಲದ ಕೆಲಸ ಬಿಟ್ಟು ಬಂದಿರುವ ತಂದೆ ತಾಯಂದಿರೇ,

ನಮ್ಮ ಹೋಬಳಿಯ ವಸಂತನರಸಾಪುರಕ್ಕೆ 2014ರ ಸೆಪ್ಟೆಂಬರ್‌ನಲ್ಲಿ ಪ್ರಧಾನಿಯೇ ಬಂದು ಫುಡ್ ಪಾರ್ಕ್ ಉದ್ಘಾಟಿಸಿದರು. ಮಷೀನ್ ಟೂಲ್ ಪಾರ್ಕೂ ಅಲ್ಲೇ ಬಂತು. 2023ರ ಫೆಬ್ರವರಿಯಲ್ಲಿ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಶುರುವಾಯಿತು, 615 ಎಕರೆ. ಜಮೀನು ನಮ್ಮ ಸೀಮೆಯದು. ನಮ್ಮ ಮಕ್ಕಳು ಕಾರ್ಖಾನೆಯ ಗೇಟು ಕಾದರೆ ಅದು ಕೀಳು ಕೆಲಸವೇನಲ್ಲ. ಆದರೆ ಒಳಗೆ ಸಿಎನ್‌ಸಿ ಮಷೀನಿನ ಮುಂದೆ ನಿಲ್ಲುವವರಲ್ಲಿ ನಮ್ಮ ಮಕ್ಕಳೆಷ್ಟು ಜನ? ನನ್ನ ತಕರಾರು ಇಷ್ಟೇ.

ಕಾರ್ಖಾನೆ ಬಂದರೆ ಸಾಲದು, ಮಕ್ಕಳಿಗೆ ಕಸುಬೂ ಕಲಿಸಬೇಕು ಎಂಬುದು ವಿಶ್ವೇಶ್ವರಯ್ಯನವರಿಗೆ ಬಹಳ ಹಿಂದೆಯೇ ಹೊಳೆದಿತ್ತು. ಭದ್ರಾವತಿ ಕಬ್ಬಿಣದ ಕಾರ್ಖಾನೆಯ ಕೆಲಸಕ್ಕೆ ತಮಗೆ ಬರಬೇಕಿದ್ದ ಸಂಭಾವನೆಯನ್ನು ಅವರು ಮನೆಗೆ ಒಯ್ಯಲಿಲ್ಲ; ಹುಡುಗರಿಗೆ ಕಸುಬು ಕಲಿಸುವ ಸಂಸ್ಥೆ ತೆರೆಯಿರಿ ಎಂದರು. 1943ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಅದೇ ಇಂದಿನ ಎಸ್.ಜೆ., ಅಂದರೆ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್. ಹೆಸರು ಮಹಾರಾಜರದು, ದುಡ್ಡು ಇವರದು!

ಡಿಪ್ಲೊಮಾ ಎಂದರೆ ಮಾರ್ಕ್ಸ್ ಕಡಿಮೆ ಬಂದವರ ದಾರಿ ಎಂದು ಮದುವೆ ಮನೆಗಳಲ್ಲಿ ನೆಂಟರು ಮಾತಾಡಿಕೊಳ್ಳುತ್ತಾರೆ. ಆದರೆ ಎಸ್ಸೆಸ್ಸೆಲ್ಸಿ ಆದಮೇಲೆ ಮೂರು ವರ್ಷ ಓದಿದರೆ ಕೈಗೊಂದು ವಿದ್ಯೆ. ಇನ್ನೂ ಓದುವ ಆಸೆಯಿದ್ದರೆ ಡಿಸಿಇಟಿ ಪ್ರವೇಶ ಪರೀಕ್ಷೆ ಬರೆದು ನೇರವಾಗಿ ಬಿಇ ಎರಡನೇ ವರ್ಷಕ್ಕೆ ಸೇರಬಹುದು. ಐಟಿಐ ಮುಗಿಸಿದವರು ಡಿಪ್ಲೊಮಾದ ಎರಡನೇ ವರ್ಷಕ್ಕೆ ಬರಬಹುದು. ಇದು ಕೊನೆಯಾಗುವ ದಾರಿಯಲ್ಲ ಎಂದು ಆ ನೆಂಟರಿಗೆ ಹೇಳಿ.

ಮಕ್ಕಳೇ, ಒಂದು ಎಚ್ಚರಿಕೆಯ ಮಾತೂ ಇದೆ. ತುಮಕೂರಿನ ಎಚ್‌ಎಂಟಿ ವಾಚ್ ಕಾರ್ಖಾನೆಯಲ್ಲಿ ನೌಕರಿ ಸಿಕ್ಕರೆ ಜೀವನ ಭದ್ರ ಎಂದು ನಂಬಿದ್ದ ಕಾಲವೊಂದಿತ್ತು. ಅದೂ ಮುಚ್ಚಿತು, ಜಾಗ ಇಸ್ರೋಗೆ ಹೋಯಿತು. ಹಾಗಾಗಿ ಒಂದೇ ಕಂಪನಿಯ ಒಂದೇ ಮಷೀನನ್ನು ನೆಚ್ಚಬೇಡಿ. ಡ್ರಾಯಿಂಗ್ ಓದಲು, ಅಳತೆ ಹಿಡಿಯಲು, ಕೆಟ್ಟದ್ದು ಯಾಕೆ ಕೆಟ್ಟಿತೆಂದು ಹುಡುಕಲು ಬಂದರೆ ಯಾವ ಕಾರ್ಖಾನೆಯಾದರೂ ನಿಮ್ಮನ್ನು ಕರೆಯುತ್ತದೆ. ಫೈಲಿಂಗ್ ಮಾಡುವಾಗ ಅಂಗೈಯಲ್ಲಿ ಬೊಬ್ಬೆ ಬಂತೆಂದು ವರ್ಕ್‌ಶಾಪ್ ತಪ್ಪಿಸಬೇಡಿ.

ಇಲ್ಲಿರುವ ಕಾರ್ಖಾನೆಯವರಲ್ಲಿ ಒಂದು ಕೇಳಿಕೆ. ಅಪ್ರೆಂಟಿಸ್ ಎಂದು ಸೇರಿಸಿಕೊಂಡ ಹುಡುಗ ಹುಡುಗಿಯರ ಕೈಗೆ ಪೊರಕೆ ಕೊಡಬೇಡಿ, ವರ್ನಿಯರ್ ಕ್ಯಾಲಿಪರ್ ಕೊಡಿ. ಒಂದೆರಡು ಪೀಸ್ ರಿಜೆಕ್ಟ್ ಆದರೆ ಆಗಲಿ.

ಮಕ್ಕಳ ಮಾದರಿಗಳ ಈ ಪ್ರದರ್ಶನವನ್ನು ಸಂತೋಷದಿಂದ ಉದ್ಘಾಟಿಸಿದ್ದೇನೆ. ಫೋಟೋ ತೆಗೆದುಕೊಂಡು ಹೊರಟುಬಿಡಬೇಡಿ. ಇದು ಹೇಗೆ ಓಡುತ್ತಪ್ಪಾ, ಎಷ್ಟು ಖರ್ಚಾಯ್ತು, ನಮ್ಮ ತೋಟಕ್ಕೆ ಆಗುತ್ತಾ ಎಂದು ಮಾದರಿ ಮಾಡಿದ ಒಬ್ಬೊಬ್ಬರನ್ನೂ ಕೇಳಿ. ಉತ್ತರ ಸರಿಬರದಿದ್ದರೆ ಇನ್ನೊಂದು ಸಲ ಕೇಳಿ.