ಪ್ರಸಂಗಪೀಠಕ್ಕೆ ಮೊದಲು ಮತದ ಹಕ್ಕು

ಹೆಂಗಸರಿಗೆ ಗುರುದೀಕ್ಷೆ ಕೊಡಬಹುದೇ ಎಂಬ ಪ್ರಶ್ನೆ ಎದ್ದ ಕೂಡಲೇ ಎಲ್ಲರ ಕಣ್ಣೂ ಪ್ರಸಂಗಪೀಠದ ಕಡೆ ಹೋಗುತ್ತದೆ. ಅಲ್ಲಿ ನಿಂತು ಬೋಧಿಸುವವರು ಯಾರು, ಪ್ರಭುಭೋಜನದ ರೊಟ್ಟಿ ಮುರಿಯುವವರು ಯಾರು, ಮಗುವಿಗೆ ದೀಕ್ಷಾಸ್ನಾನ ಕೊಡುವವರು ಯಾರು ಎಂದು ಚರ್ಚೆ ಹೊರಡುತ್ತದೆ. ಕ್ಯಾಥೊಲಿಕ್ ಸಭೆಯ ಮಟ್ಟಿಗೆ ಇದು ಸಹಜ. ಅಲ್ಲಿ ದೀಕ್ಷೆಯೇ ಒಂದು ಸಂಸ್ಕಾರ. ಪ್ರೆಸ್ಬಿಟೇರಿಯನ್ ಸಭೆಗಳಲ್ಲಿ ಮಾತ್ರ ದೀಕ್ಷೆಗೆ ಇನ್ನೊಂದು ಮುಖವಿದೆ, ಅದನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ಅಲ್ಲಿ ಬಿಷಪ್ ಎಂಬ ಹುದ್ದೆಯಿಲ್ಲ. ಪ್ರತಿ ಊರಿನ ಸಭೆ ತನ್ನ ಹಿರಿಯರನ್ನು ಚುನಾಯಿಸುತ್ತದೆ. ಆ ಹಿರಿಯರು ಮತ್ತು ಪಾಸ್ಟರ್ ಕೂಡಿದರೆ ‘ಸೆಷನ್’. ಒಂದು ಪ್ರದೇಶದ ಪಾಸ್ಟರುಗಳೂ ಸಭೆಗಳಿಂದ ಬಂದ ಹಿರಿಯರೂ ಕೂಡಿದರೆ ‘ಪ್ರೆಸ್ಬಿಟರಿ’. ಅದರ ಮೇಲೆ ಸಿನಡ್, ಎಲ್ಲಕ್ಕೂ ಮೇಲೆ ಜನರಲ್ ಅಸೆಂಬ್ಲಿ. ಹಿರಿಯರಿಗೂ ದೀಕ್ಷೆಯಾಗುತ್ತದೆ, ಪಾಸ್ಟರುಗಳಿಗೂ ಆಗುತ್ತದೆ. ದೀಕ್ಷೆಯಾಗದವರಿಗೆ ಈ ಯಾವ ಮಂಡಳಿಯಲ್ಲೂ ಮತವಿಲ್ಲ. ಹಾಗಾಗಿ ಹೆಂಗಸರಿಗೆ ದೀಕ್ಷೆ ಇಲ್ಲ ಎಂದರೆ ಪ್ರಸಂಗ ಮಾಡುವಂತಿಲ್ಲ ಎಂಬಲ್ಲಿಗೆ ಮುಗಿಯಲಿಲ್ಲ. ಸಭೆಯ ಹಣ, ಆಸ್ತಿ, ನಿಯಮ, ಶಿಸ್ತು ಯಾವುದರ ತೀರ್ಮಾನದಲ್ಲೂ ಅವರಿಲ್ಲ. ದೀಕ್ಷೆ ಇಲ್ಲ ಎಂಬ ನಿಯಮವನ್ನೇ ಬದಲಿಸಬೇಕೆಂದರೂ ಅವರ ಕೈಯಲ್ಲಿ ಮತವಿಲ್ಲ. ಪ್ರೆಸ್ಬಿಟೇರಿಯನ್ ಸಭೆಗಳಲ್ಲಿ ಮಹಿಳಾ ದೀಕ್ಷೆ ಮೊದಲಿಗೆ ಪ್ರಾತಿನಿಧ್ಯದ ಪ್ರಶ್ನೆ, ಪ್ರಸಂಗದ ಪ್ರಶ್ನೆ ಆಮೇಲಿನದು ಎಂಬುದು ನನ್ನ ವಾದ. ಅದಕ್ಕೆ ಅಮೆರಿಕದ ಉತ್ತರ ಭಾಗದ ಪ್ರೆಸ್ಬಿಟೇರಿಯನ್ ಸಭೆಯ ಚರಿತ್ರೆಯೇ ಸಾಕ್ಷಿ.

ನಮ್ಮ ಕಡೆಯವರಿಗೆ ಈ ವ್ಯವಸ್ಥೆ ಪೂರ್ತಿ ಅಪರಿಚಿತವೇನಲ್ಲ. ದಕ್ಷಿಣ ಭಾರತದ ಪ್ರೆಸ್ಬಿಟೇರಿಯನ್ನರು 1908ರಲ್ಲಿ ಕಾಂಗ್ರಿಗೇಷನಲ್ ಸಭೆಗಳೊಂದಿಗೆ ಸೇರಿ ದಕ್ಷಿಣ ಭಾರತ ಐಕ್ಯಸಭೆ ಕಟ್ಟಿದರು. ಅದೇ 1947ರಲ್ಲಿ ಆಂಗ್ಲಿಕನ್ನರು ಮತ್ತು ಮೆಥಡಿಸ್ಟರ ಜೊತೆಗೂಡಿ ಚರ್ಚ್ ಆಫ್ ಸೌತ್ ಇಂಡಿಯಾ, ಅಂದರೆ ಸಿಎಸ್‌ಐ ಆಯಿತು. ಸಿಎಸ್‌ಐನಲ್ಲಿ ಬಿಷಪ್ಪರಿದ್ದಾರೆ, 2013ರಲ್ಲಿ ನಂದ್ಯಾಲ ಡಯಾಸಿಸ್‌ಗೆ ಪುಷ್ಪಲಲಿತಾ ಅವರು ಬಿಷಪ್ ಆದದ್ದು ಸುದ್ದಿಯಾಯಿತು. ಬಿಷಪ್ಪರೇ ಇಲ್ಲದ ಸಭೆಯಲ್ಲಿ ಇಂಥ ಬದಲಾವಣೆ ಒಬ್ಬ ವ್ಯಕ್ತಿಯ ಪಟ್ಟಾಭಿಷೇಕದಲ್ಲಿ ಕಾಣಿಸುವುದಿಲ್ಲ. ನೂರಾರು ಪ್ರೆಸ್ಬಿಟರಿಗಳಲ್ಲಿ ಕೈ ಎತ್ತಿಸಿ ಎಣಿಸಿದ ಲೆಕ್ಕದಲ್ಲಿ ಅದನ್ನು ಹುಡುಕಬೇಕು.

ಮೊದಲ ಪ್ರಕರಣ ಅಮೆರಿಕದ ಕೆಂಟಕಿಯದು. ಕಂಬರ್ಲ್ಯಾಂಡ್ ಪ್ರೆಸ್ಬಿಟೇರಿಯನ್ ಎಂಬ ಪ್ರತ್ಯೇಕ ಸಭೆಯ ನೋಲಿನ್ ಪ್ರೆಸ್ಬಿಟರಿ 1889ರಲ್ಲಿ ಲೂಯಿಸಾ ವೂಸ್ಲಿ ಎಂಬ ಗೃಹಿಣಿಗೆ ಗುರುದೀಕ್ಷೆ ಕೊಟ್ಟಿತು. ಆಕೆ ಪ್ರಸಂಗ ಮಾಡಿದರೆ ಜನ ಬರುತ್ತಿದ್ದರು, ಕೇಳುತ್ತಿದ್ದರು. ತಕರಾರು ಬಲವಾದದ್ದು ಪ್ರೆಸ್ಬಿಟರಿ ಆಕೆಯನ್ನು ಜನರಲ್ ಅಸೆಂಬ್ಲಿಗೆ ತನ್ನ ಪ್ರತಿನಿಧಿಯಾಗಿ ಆರಿಸಿದಾಗ. ಅಸೆಂಬ್ಲಿ ಆಕೆಗೆ ಆಸನ ಕೊಡಲು ಒಪ್ಪಲಿಲ್ಲ. ಬೋಧಿಸುವ ಹೆಂಗಸನ್ನು ಸಹಿಸಿಕೊಂಡವರಿಗೆ ಮತ ಹಾಕುವ ಹೆಂಗಸನ್ನು ಸಹಿಸುವುದು ಕಷ್ಟವಾಯಿತು ಎಂಬುದನ್ನು ಇಲ್ಲಿ ನೆನಪಿಟ್ಟುಕೊಂಡರೆ ಮುಂದಿನ ಕತೆ ಸುಲಭವಾಗಿ ಅರ್ಥವಾಗುತ್ತದೆ.

ಉತ್ತರದ ದೊಡ್ಡ ಸಭೆಯಲ್ಲಿ ಹೆಂಗಸರು ಬೇರೆ ದಾರಿ ಹಿಡಿದಿದ್ದರು. ಮಂಡಳಿಗಳೊಳಗೆ ಜಾಗ ಸಿಗದ ಮೇಲೆ ತಮ್ಮದೇ ಮಂಡಳಿ ಕಟ್ಟಿಕೊಂಡರು. ದೇಶದೊಳಗಿನ ಮಿಷನ್ ಕೆಲಸಕ್ಕೊಂದು, ಹೊರದೇಶಗಳ ಕೆಲಸಕ್ಕೊಂದು ಮಹಿಳಾ ಮಂಡಳಿ. ಊರೂರಿನ ಮಹಿಳಾ ಸಂಘಗಳಿಂದ ಚಿಲ್ಲರೆ ಚಿಲ್ಲರೆಯಾಗಿ ಕೂಡಿದ ಹಣದಲ್ಲಿ ಶಾಲೆ, ಆಸ್ಪತ್ರೆ ನಡೆಸಿದರು, ಮಿಷನರಿಗಳನ್ನು ನೇಮಿಸಿ ಸಂಬಳ ಕೊಟ್ಟರು, ಪತ್ರಿಕೆ ಹೊರಡಿಸಿದರು. ಸುಮಾರು ಐವತ್ತು ವರ್ಷ ಹೀಗೆ ನಡೆಯಿತು. ದೀಕ್ಷೆಯ ಹಂಬಲವೇಕೆ, ಹೆಂಗಸರಿಗೆ ಅವರದೇ ಪ್ರಭಾವದ ಕ್ಷೇತ್ರವಿದೆಯಲ್ಲ ಎಂದು ವಾದಿಸುತ್ತಿದ್ದವರು ಬೊಟ್ಟು ಮಾಡುತ್ತಿದ್ದುದು ಈ ಮಂಡಳಿಗಳ ಕಡೆಗೇ. ಆ ಕಾಲದ ಎಷ್ಟೋ ಹೆಂಗಸರೂ ಇದನ್ನು ನಂಬಿದ್ದರು; ಅವರ ನಂಬಿಕೆಗೆ ಆಧಾರವಿರಲಿಲ್ಲ ಎಂದು ಹೇಳುವಂತಿಲ್ಲ, ಏಕೆಂದರೆ ಅವರ ಕೈಯಲ್ಲಿದ್ದ ಹಣ ನಿಜವಾದ ಹಣ, ಅವರು ಕೈಗೊಳ್ಳುತ್ತಿದ್ದ ತೀರ್ಮಾನಗಳು ನಿಜವಾದ ತೀರ್ಮಾನಗಳು. ಆದರೆ 1920ರ ದಶಕದ ಆರಂಭದಲ್ಲಿ ಜನರಲ್ ಅಸೆಂಬ್ಲಿ ಸಭೆಯ ಹತ್ತಾರು ಮಂಡಳಿಗಳನ್ನು ಒಗ್ಗೂಡಿಸುವ ಯೋಜನೆ ಹಾಕಿತು. ಖರ್ಚು ಉಳಿಯುತ್ತದೆ, ಕೆಲಸ ಚುರುಕಾಗುತ್ತದೆ ಎಂಬುದು ಕಾರಣ. 1923ರ ಹೊತ್ತಿಗೆ ಎರಡೂ ಮಹಿಳಾ ಮಂಡಳಿಗಳು ಗಂಡಸರ ಮಂಡಳಿಗಳಲ್ಲಿ ವಿಲೀನವಾದವು. ಹೊಸ ಮಂಡಳಿಗಳಲ್ಲಿ ಹೆಂಗಸರಿಗೆ ಒಂದಷ್ಟು ಸ್ಥಾನ ಸಿಕ್ಕಿತು, ಆದರೆ ಅಲ್ಪಸಂಖ್ಯಾತರಾಗಿ. ಹಣ ಕೂಡಿಸಿದವರನ್ನು ಹೀಗೆ ಮಾಡೋಣವೇ ಎಂದು ಮತದ ಮೂಲಕ ಕೇಳಿದವರಿಲ್ಲ. ಕೇಳುವ ದಾರಿಯೇ ವ್ಯವಸ್ಥೆಯಲ್ಲಿ ಇರಲಿಲ್ಲ.

ಇಲ್ಲಿ ದುಷ್ಟರಾರೂ ಇಲ್ಲ ಎಂಬುದು ನನಗೆ ಮುಖ್ಯವಾಗಿ ಕಾಣುತ್ತದೆ. ಯೋಜನೆ ಮಾಡಿದವರು ಹೆಂಗಸರನ್ನು ತುಳಿಯಲೆಂದು ಮಾಡಲಿಲ್ಲ. ಲೆಕ್ಕಪತ್ರದ ಅನುಕೂಲಕ್ಕೆ ಮಾಡಿದರು. ಒಳ್ಳೆಯ ಮನಸ್ಸಿನವರು ನಿಯಮದ ಪ್ರಕಾರವೇ ನಡೆದುಕೊಂಡರೂ ಐವತ್ತು ವರ್ಷದ ದುಡಿಮೆ ಒಂದು ಗೊತ್ತುವಳಿಯಲ್ಲಿ ಕರಗಬಹುದಾದರೆ ದೋಷ ಮನುಷ್ಯರದಲ್ಲ, ರಚನೆಯದು. ಕ್ಯಾಥರಿನ್ ಬೆನೆಟ್ ಮತ್ತು ಮಾರ್ಗರೆಟ್ ಹಾಜ್ ಆ ಎರಡು ಮಂಡಳಿಗಳ ಅಧ್ಯಕ್ಷರಾಗಿದ್ದವರು. ಸಭೆಯ ಹೆಂಗಸರಲ್ಲಿ ಅಸಮಾಧಾನವೇಕೆ ಎಂದು ಕಂಡುಕೊಳ್ಳುವ ಹೊಣೆ ಇವರಿಗೆ ಬಂತು, 1927ರಲ್ಲಿ ವರದಿ ಕೊಟ್ಟರು. ಇಬ್ಬರೂ ಬಾವುಟ ಹಿಡಿದು ಬೀದಿಗಿಳಿದವರಲ್ಲ. ಸಭೆಯ ಶಿಸ್ತಿನಲ್ಲೇ ಬೆಳೆದ ಆಡಳಿತಗಾರ್ತಿಯರು. ಅವರ ವರದಿಯ ತಿರುಳು ಇಷ್ಟು: ಮನಸ್ಸನ್ನು ಕಾಡುತ್ತಿರುವುದು ಪ್ರಸಂಗ ಮಾಡಲಾಗಲಿಲ್ಲ ಎಂಬ ಕೊರಗಿಗಿಂತ ಹೆಚ್ಚಾಗಿ, ತಮ್ಮನ್ನು ಕೇಳದೆ ತಮ್ಮ ಕೆಲಸದ ಗತಿಯನ್ನು ತೀರ್ಮಾನಿಸಿದರು ಎಂಬ ನೋವು. ಪ್ರಭಾವ ಎನ್ನುವುದು ಪರರ ಜಮೀನಿನಲ್ಲಿ ಬೆಳೆದ ಬೆಳೆ. ಜಮೀನಿನ ಒಡೆಯ ಮನಸ್ಸು ಬದಲಿಸಿದ ದಿನ ಅದು ಗೊತ್ತಾಗುತ್ತದೆ.

ವರದಿಯ ಫಲವಾಗಿ 1929ರಲ್ಲಿ ಮೂರು ತಿದ್ದುಪಡಿಗಳು ಪ್ರೆಸ್ಬಿಟರಿಗಳ ಮುಂದೆ ಹೋದವು. ಮೊದಲನೆಯದು ಪೂರ್ಣ ಸಮಾನತೆ, ಪಾಸ್ಟರ್ ಹುದ್ದೆಯೂ ಸೇರಿ. ಎರಡನೆಯದು ಹಿರಿಯರ ಹುದ್ದೆ ಮಾತ್ರ. ಮೂರನೆಯದು ಹೆಂಗಸರಿಗೆ ಸುವಾರ್ತಿಕರಾಗಿ ಪ್ರಸಂಗ ಮಾಡುವ ಪರವಾನಗಿ. 1930ರಲ್ಲಿ ಗೆದ್ದದ್ದು ಎರಡನೆಯದೊಂದೇ. ಅನೇಕರು ಇದನ್ನು ಅರೆಮನಸ್ಸಿನ ರಾಜಿ ಎಂದು ತಳ್ಳಿಹಾಕುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಪ್ರೆಸ್ಬಿಟೇರಿಯನ್ ವ್ಯವಸ್ಥೆಯಲ್ಲಿ ಹಿರಿಯರ ಮತಕ್ಕೂ ಪಾಸ್ಟರರ ಮತಕ್ಕೂ ತೂಕ ಒಂದೇ. ಒಬ್ಬ ಹೆಂಗಸು ಹಿರಿಯಳಾದ ದಿನವೇ ಪ್ರೆಸ್ಬಿಟರಿಗೂ ಅಸೆಂಬ್ಲಿಗೂ ಹೋಗಿ ಕೂರುವ ಅರ್ಹತೆ ಬಂತು. ಮುಂದೆ ಪಾಸ್ಟರ್ ದೀಕ್ಷೆಯ ಪ್ರಶ್ನೆ ಬಂದಾಗ ಕೈ ಎತ್ತುವ ಹಕ್ಕೂ ಬಂತು. ಮಹಿಳಾ ಹಿರಿಯರ ಸಂಖ್ಯೆ ಬಹಳ ಕಾಲ ಕಡಿಮೆಯೇ ಇತ್ತು, ನಿಜ. ಪಾಸ್ಟರ್ ಹುದ್ದೆಯನ್ನೂ ಹೆಂಗಸರಿಗೆ ತೆರೆದ 1956ರ ತೀರ್ಮಾನವನ್ನು ಅವರ ಮತಗಳೇ ಗೆಲ್ಲಿಸಿದವು ಎಂದು ನಾನು ಹೇಳುತ್ತಿಲ್ಲ. ಇಪ್ಪತ್ತಾರು ವರ್ಷ ಅವರ ಜೊತೆ ಒಂದೇ ಮೇಜಿನ ಸುತ್ತ ಕೂತು ಬಜೆಟ್ ಮಾಡಿದ, ಪಾಸ್ಟರುಗಳನ್ನು ಪರೀಕ್ಷಿಸಿದ ಗಂಡಸರಿಗೆ ಹಳೆಯ ಭಯಗಳು ಉಳಿಯಲಿಲ್ಲ ಎಂಬುದಷ್ಟೇ ನನ್ನ ಮಾತು. 1956ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್ ರಾಜ್ಯದ ಸಿರಕ್ಯೂಸ್‌ನಲ್ಲಿ ಮಾರ್ಗರೆಟ್ ಟೌನರ್ ಆ ಸಭೆಯ ಮೊದಲ ಮಹಿಳಾ ಪಾಸ್ಟರ್ ಆದರು. ಅಮೆರಿಕದ ದಕ್ಷಿಣ ಭಾಗದ ಪ್ರೆಸ್ಬಿಟೇರಿಯನ್ ಸಭೆ 1964ರಲ್ಲಿ ಒಪ್ಪಿತು, ಮರುವರ್ಷ ರೇಚಲ್ ಹೆಂಡರ್‌ಲೈಟ್‌ಗೆ ದೀಕ್ಷೆಯಾಯಿತು. 1971ರಲ್ಲಿ ಉತ್ತರದ ಅಸೆಂಬ್ಲಿಯ ಮಾಡರೇಟರ್ (ಅಧ್ಯಕ್ಷ) ಪೀಠದಲ್ಲಿ ಮೊದಲ ಬಾರಿಗೆ ಒಬ್ಬ ಹೆಂಗಸು ಕೂತರು, ಲೋಯಿಸ್ ಸ್ಟೇರ್. ಅವರು ಪಾಸ್ಟರ್ ಅಲ್ಲ, ಹಿರಿಯಳು. ಸ್ಕಾಟ್ಲೆಂಡಿನಲ್ಲೂ ಹೀಗೆಯೇ ಆಯಿತು: 1966ರಲ್ಲಿ ಹಿರಿಯರ ಹುದ್ದೆ, 1968ರಲ್ಲಿ ಪಾಸ್ಟರ್ ಹುದ್ದೆ ತೆರೆಯಿತು, 2004ರಲ್ಲಿ ಮೊದಲ ಮಹಿಳಾ ಮಾಡರೇಟರ್ ಆದ ಆಲಿಸನ್ ಎಲಿಯಟ್ ಕೂಡ ಹಿರಿಯಳೇ. ಆಡಳಿತದ ಬಾಗಿಲು ಮೊದಲು ತೆರೆದದ್ದು ಎರಡೂ ಕಡೆ ಕಾಕತಾಳೀಯವಲ್ಲ.

ಮಹಿಳಾ ದೀಕ್ಷೆಗೆ ಹಳೆಯ ಆಕ್ಷೇಪ ಶಾಸ್ತ್ರದ್ದು. ಪೌಲನು ತಿಮೊಥೆಯನಿಗೆ ಬರೆದ ಮೊದಲ ಪತ್ರದ ಎರಡನೆಯ ಅಧ್ಯಾಯ ಹೆಂಗಸರು ಉಪದೇಶಿಸುವುದನ್ನೂ ಗಂಡಸರ ಮೇಲೆ ಅಧಿಕಾರ ನಡೆಸುವುದನ್ನೂ ಒಪ್ಪುವುದಿಲ್ಲ. ಕೊರಿಂಥದವರಿಗೆ ಬರೆದ ಮೊದಲ ಪತ್ರದ ಹದಿನಾಲ್ಕನೆಯ ಅಧ್ಯಾಯ ಸಭೆಯಲ್ಲಿ ಮೌನವಾಗಿರಲು ಹೇಳುತ್ತದೆ. ಈ ಆಕ್ಷೇಪವನ್ನು ಹಗುರವಾಗಿ ತೆಗೆದುಕೊಳ್ಳುವವರು ಪ್ರೆಸ್ಬಿಟೇರಿಯನ್ನರನ್ನು ಅರಿತಿಲ್ಲ. ಅವರಿಗೆ ಬೈಬಲ್ಲೇ ಕೊನೆಯ ಮಾತು. ಆದರೆ ಅದೇ ಕೊರಿಂಥ ಪತ್ರದ ಹನ್ನೊಂದನೆಯ ಅಧ್ಯಾಯದಲ್ಲಿ ಹೆಂಗಸರು ಪ್ರಾರ್ಥಿಸುವಾಗ, ಪ್ರವಾದಿಸುವಾಗ ತಲೆಗೆ ಮುಸುಕಿರಬೇಕು ಎಂದಿದೆ. ಪೂರ್ಣ ಮೌನ ವಿಧಿಸಿದವನು ಮಾತಾಡುವಾಗಿನ ಉಡುಗೆಯ ನಿಯಮ ಏಕೆ ಹೇಳುತ್ತಾನೆ? ಒಂದೇ ಪತ್ರದ ಎರಡು ಮಾತುಗಳನ್ನು ಕೂಡಿಸಿ ಓದಲೇಬೇಕಾದಾಗ ವ್ಯಾಖ್ಯಾನ ತಪ್ಪುವುದಿಲ್ಲ. ಮುಸುಕಿನ ನಿಯಮವನ್ನು ಅಂದಿನ ಕೊರಿಂಥದ ರೂಢಿ ಎಂದು ಬದಿಗಿಟ್ಟು, ಮೌನದ ನಿಯಮವನ್ನು ಸರ್ವಕಾಲಕ್ಕೂ ಎಂದು ಹಿಡಿಯುವವರು ಆ ಆಯ್ಕೆಗೆ ಕಾರಣ ಕೊಡಬೇಕು. ಸಭೆಯ ಬಾಗಿಲಲ್ಲಿ ಮುಸುಕು ಇದೆಯೇ ಎಂದು ತಪಾಸಣೆ ಮಾಡುವ ಪ್ರೆಸ್ಬಿಟೇರಿಯನ್ ಸೆಷನ್‌ಗಳು ಇಂದು ವಿರಳ.

ದೀಕ್ಷೆ ಕೊಟ್ಟ ಸಭೆಗಳೆಲ್ಲ ಸದಸ್ಯರನ್ನು ಕಳೆದುಕೊಳ್ಳುತ್ತಿವೆಯಲ್ಲ ಎಂಬ ಇನ್ನೊಂದು ವಾದವಿದೆ. ಅಮೆರಿಕದ ಪ್ರೆಸ್ಬಿಟೇರಿಯನ್ ಸಭೆ ಕುಗ್ಗಿರುವುದು ಹೌದು. ಹೆಂಗಸರನ್ನು ಪಾಸ್ಟರ್ ಮಾಡದ ನಿಲುವಿಗೆ ಗಟ್ಟಿಯಾಗಿ ಅಂಟಿಕೊಂಡ ಸದರ್ನ್ ಬ್ಯಾಪ್ಟಿಸ್ಟರೂ 2006ರ ನಂತರ ಕುಗ್ಗುತ್ತಲೇ ಇದ್ದಾರೆ. ಈ ವಾದಕ್ಕೆ ಇದಕ್ಕಿಂತ ಹೆಚ್ಚು ಸಮಯ ಕೊಡಬೇಕಾಗಿಲ್ಲ.

ನಿಜವಾಗಿ ಕಷ್ಟದ ಆಕ್ಷೇಪ ಮನಸ್ಸಾಕ್ಷಿಯದು. ವಾಲ್ಟರ್ ವಿನ್ ಕೆನ್ಯನ್ ಎಂಬ ಯುವಕ 1974ರಲ್ಲಿ ಪಿಟ್ಸ್‌ಬರ್ಗ್ ಪ್ರೆಸ್ಬಿಟರಿಯ ಮುಂದೆ ದೀಕ್ಷೆಯ ಪರೀಕ್ಷೆಗೆ ಬಂದ. ಹೆಂಗಸರಿಗೆ ಹಿರಿಯರ ದೀಕ್ಷೆ ಕೊಡುವ ವಿಧಿಯಲ್ಲಿ ತಾನು ಪಾಲ್ಗೊಳ್ಳಲಾರೆ, ಶಾಸ್ತ್ರ ಅದನ್ನು ಒಪ್ಪುವುದಿಲ್ಲ ಎಂದು ನೇರವಾಗಿ ಹೇಳಿದ. ಬೇರೆಯವರು ಬಂದು ಕೊಟ್ಟರೆ ಅಡ್ಡ ಬರುವುದಿಲ್ಲ, ಮಹಿಳಾ ಹಿರಿಯರ ಜೊತೆ ಕೆಲಸ ಮಾಡುತ್ತೇನೆ ಎಂದೂ ಹೇಳಿದ. ಪ್ರೆಸ್ಬಿಟರಿ ಒಪ್ಪಿತು. ದೂರು ಮೇಲಕ್ಕೆ ಹೋಗಿ, ಅಸೆಂಬ್ಲಿಯ ನ್ಯಾಯಮಂಡಳಿ ಆ ಒಪ್ಪಿಗೆಯನ್ನು ರದ್ದುಮಾಡಿತು. ಮನಸ್ಸಾಕ್ಷಿಗೆ ದೇವರೊಬ್ಬನೇ ಒಡೆಯ ಎಂದು ತನ್ನ ವಿಶ್ವಾಸಪ್ರಮಾಣದಲ್ಲೇ ಬರೆದುಕೊಂಡ ಸಭೆ ಒಬ್ಬ ಪ್ರಾಮಾಣಿಕನನ್ನು ಬಾಗಿಲಲ್ಲೇ ನಿಲ್ಲಿಸಿತಲ್ಲ ಎಂದು ಹಲವರು ಕೆರಳಿದರು. ಆ ಕೆರಳಿಕೆಯಲ್ಲಿ ನ್ಯಾಯವಿದೆ. ಆದರೂ ತೀರ್ಪು ಸರಿ ಎಂದೇ ನನ್ನ ಎಣಿಕೆ. ಪಾಸ್ಟರ್ ಸೆಷನ್ನಿನ ಅಧ್ಯಕ್ಷ. ಎದುರು ಕೂತ ಹಿರಿಯಳ ದೀಕ್ಷೆ ಶಾಸ್ತ್ರಸಮ್ಮತವಲ್ಲ ಎಂದು ಅಧ್ಯಕ್ಷನೇ ಸಾರಿದರೆ, ಆಕೆ ಹಾಕಿದ ಪ್ರತಿ ಮತದ ಮೇಲೂ ಅನುಮಾನದ ನೆರಳು ಬಿದ್ದ ಹಾಗೆ. ಕೆನ್ಯನ್‌ನ ನಂಬಿಕೆಯನ್ನು ಯಾರೂ ಕಿತ್ತುಕೊಳ್ಳಲಿಲ್ಲ. ಆತ ಸದಸ್ಯನಾಗಿ ಅದೇ ನಂಬಿಕೆಯಲ್ಲಿ ಉಳಿಯಬಹುದಿತ್ತು. ಹುದ್ದೆ ಮಾತ್ರ ಆತನ ಸ್ವಂತದ್ದಲ್ಲ, ಸಭೆಯದ್ದು.

ಇದೇ ಉತ್ಸಾಹದಲ್ಲಿ 1979ರಲ್ಲಿ ಅಸೆಂಬ್ಲಿ ಇನ್ನೊಂದು ಹೆಜ್ಜೆ ಇಟ್ಟು, ಪ್ರತಿ ಸಭೆಯೂ ಹಿರಿಯರ ಚುನಾವಣೆಯಲ್ಲಿ ಹೆಂಗಸರಿಗೆ ಜಾಗ ಕೊಡಲೇಬೇಕು ಎಂಬ ನಿಯಮ ತಂದಾಗ ನನ್ನ ಒಪ್ಪಿಗೆ ಅಷ್ಟು ಸಲೀಸಾಗಿ ಬರುವುದಿಲ್ಲ. ತನ್ನ ಹಿರಿಯರನ್ನು ಸಭೆಯೇ ಆರಿಸಬೇಕು ಎಂಬುದೂ ಈ ವ್ಯವಸ್ಥೆಯ ಮೂಲತತ್ವ. ಪ್ರಾತಿನಿಧ್ಯದ ಹೆಸರಿನಲ್ಲಿ ಆಯ್ಕೆಯ ಸ್ವಾತಂತ್ರ್ಯವನ್ನು ಬಿಗಿಹಿಡಿದರೆ ಒಂದು ತತ್ವ ಇನ್ನೊಂದರ ಕತ್ತು ಹಿಸುಕುತ್ತದೆ. 1981ರಲ್ಲಿ ಕೆಲವು ಸಭೆಗಳು ಹೊರನಡೆದು ಇವ್ಯಾಂಜೆಲಿಕಲ್ ಪ್ರೆಸ್ಬಿಟೇರಿಯನ್ ಸಭೆ ಕಟ್ಟಿ, ಈ ಪ್ರಶ್ನೆಯನ್ನು ಆಯಾ ಸಭೆಯ ವಿವೇಚನೆಗೆ ಬಿಟ್ಟವು. ದಕ್ಷಿಣದಲ್ಲಿ 1973ರಲ್ಲೇ ಒಡೆದು ಹೋದವರು ಹೆಂಗಸರಿಗೆ ಯಾವ ದೀಕ್ಷೆಯೂ ಬೇಡ ಎಂದಿದ್ದರು. ಅವರ ಒಡಕಿಗೆ ಬೇರೆ ಕಾರಣಗಳೂ ಇದ್ದವು.

ಹಾಗಾದರೆ ಸತ್ಯವನ್ನು ಬಹುಮತದಿಂದ ತೀರ್ಮಾನಿಸುತ್ತೀರಾ ಎಂದು ಕೇಳಬಹುದು. ಆಸ್ಟ್ರೇಲಿಯ ಈ ಪ್ರಶ್ನೆಯನ್ನು ತಪ್ಪಿಸಿಕೊಳ್ಳಲಾಗದಂತೆ ಮುಂದಿಡುತ್ತದೆ. ಅಲ್ಲಿನ ಪ್ರೆಸ್ಬಿಟೇರಿಯನ್ ಸಭೆ 1974ರಲ್ಲಿ ಹೆಂಗಸರಿಗೆ ಪಾಸ್ಟರ್ ದೀಕ್ಷೆ ಒಪ್ಪಿತು. 1977ರಲ್ಲಿ ಅದರ ದೊಡ್ಡ ಪಾಲು ಮೆಥಡಿಸ್ಟ್ ಮತ್ತು ಕಾಂಗ್ರಿಗೇಷನಲ್ ಸಭೆಗಳ ಜೊತೆ ಯುನೈಟಿಂಗ್ ಚರ್ಚ್ ಆಗಿ ಹೊರಟಿತು. ಉಳಿದವರು ಹೆಚ್ಚು ಸಂಪ್ರದಾಯಸ್ಥರು. 1991ರಲ್ಲಿ ಅವರು ಆ ಒಪ್ಪಿಗೆಯನ್ನು ಹಿಂದಕ್ಕೆ ಪಡೆದರು. ಆಗಲೇ ದೀಕ್ಷೆ ಪಡೆದಿದ್ದ ಹೆಂಗಸರ ಹುದ್ದೆಗೆ ಧಕ್ಕೆ ಬರಲಿಲ್ಲ, ಹೊಸಬರಿಗೆ ದಾರಿ ಮುಚ್ಚಿತು. ಕ್ರಮದಲ್ಲಿ ತಪ್ಪು ಹುಡುಕುವಂತಿಲ್ಲ, ನಿಯಮದಂತೆಯೇ ಮಾಡಿದರು. 1956ನ್ನು ಹೊಗಳಿದ ಬಾಯಿಂದ 1991ನ್ನು ಅಕ್ರಮ ಎಂದು ನಾನು ಕರೆಯಲಾರೆ; ತಪ್ಪು ಎನ್ನಬಲ್ಲೆ. ಮಂಡಳಿಗಳು ತಪ್ಪು ಮಾಡಬಹುದು, ಎಷ್ಟೋ ಮಂಡಳಿಗಳು ಮಾಡಿಯೂ ಇವೆ ಎಂದು ಪ್ರೆಸ್ಬಿಟೇರಿಯನ್ನರ ವೆಸ್ಟ್‌ಮಿನ್‌ಸ್ಟರ್ ವಿಶ್ವಾಸಪ್ರಮಾಣವೇ ಒಪ್ಪುತ್ತದೆ. ಈ ಒಪ್ಪಿಗೆಯ ಕಾರಣಕ್ಕೇ ಪ್ರೆಸ್ಬಿಟೇರಿಯನ್ನರಲ್ಲಿ ಯಾವ ಪ್ರಶ್ನೆಯನ್ನಾದರೂ ಮತ್ತೆ ತೆರೆಯಬಹುದು, ಯಾವ ಪ್ರೆಸ್ಬಿಟರಿ ಬೇಕಾದರೂ ಅಸೆಂಬ್ಲಿಗೆ ಅರ್ಜಿ ಕಳಿಸಬಹುದು. ಆಸ್ಟ್ರೇಲಿಯದಲ್ಲಿ ಹಾಗೆ ಅರ್ಜಿ ಬಂದ ದಿನ ಅದರ ಮೇಲೆ ಮತ ಹಾಕುವ ಪಾಸ್ಟರುಗಳ ಸಾಲಿನಲ್ಲಿ ಹೊಸದಾಗಿ ದೀಕ್ಷೆಯಾದ ಹೆಂಗಸರು ಇರುವಂತಿಲ್ಲ. ಅದನ್ನು 1991ರ ತೀರ್ಮಾನವೇ ಖಚಿತಪಡಿಸಿದೆ.